ಪುಟ್ಟಿಗೆ ಮಾಮನ ಕಾಗದ: ಇನ್‌ಸ್ಟೇಟ್ ಫೀಸು ಮತ್ತು 12 ತಿಂಗಳ ಲೆಕ್ಕ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ್ಲು. ನಿಮ್ಮಪ್ಪಂಗೆ ನಮ್ಮ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ಕೆಲಸ ಸಿಕ್ಕಿರೋದು, ಜೂನ್‌ಗೆ ಜಾಯಿನ್ ಆಗ್ಬೇಕಾಗಿರೋದು, ನೀನು ಮಾತ್ರ ಟ್ವೆಲ್ತ್ ಮುಗಿಯೋವರೆಗೂ ನ್ಯೂಜೆರ್ಸಿಯ ಎಡಿಸನ್ ಬಿಟ್ಟು ಬರಲ್ಲ ಅಂತ ಕೂತಿರೋದು, ಎಲ್ಲಾ ಹೇಳಿದ್ಲು. ಕೊನೇಲಿ ಮೆಲ್ಲಗೆ ಇನ್ನೊಂದು ಕೇಳಿದ್ಲು, "ಅಣ್ಣ, ನಿಮ್ಮ ರಾಜ್ಯದ ಮಕ್ಕಳಿಗಿರೋ ಕಡಿಮೆ ಫೀಸು, ಆ ಇನ್‌ಸ್ಟೇಟ್ ಫೀಸು, ಸಿಗೋಕೆ ಕಾಲೇಜ್ ಅಪ್ಲಿಕೇಶನ್‌ಗೆ ಕ್ಯಾರಿಲಿರೋ ನಿನ್ನ ಮನೆ ಅಡ್ರೆಸ್ ಹಾಕ್ಬಿಟ್ರೆ ಆಗಲ್ವಾ?" ಆಗಲ್ಲ ಅಂತ ಅಲ್ಲೇ ಹೇಳ್ದೆ, ಅವಳಿಗೆ ಬೇಜಾರಾಯ್ತು ಅನ್ಸುತ್ತೆ, ಯಾಕೆ ಆಗಲ್ಲ ಅನ್ನೋದನ್ನ ಫೋನಲ್ಲಿ ಸರಿಯಾಗಿ ಬಿಡಿಸಿ ಹೇಳೋಕಾಗ್ಲಿಲ್ಲ. ಅದಕ್ಕೇ ಈ ಕಾಗದ. ಮೂರನೇ ಕ್ಲಾಸ್‌ವರೆಗೂ ಮೈಸೂರಲ್ಲಿ ಓದಿದವಳು ನೀನು, ನಿಧಾನಕ್ಕೆ ಓದ್ಕೋ, ಎಲ್ಲಾದ್ರೂ ತಡವರಿಸಿದ್ರೆ ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೋ, ಇದು ಅವಳಿಗೂ ಬರೆದಿರೋದೇ.

ಮೊದಲು ದುಡ್ಡಿನ ಮಾತು, ಯಾಕಂದ್ರೆ ನಿಮ್ಮನೇಲಿ ಇದನ್ನ ಯಾರೂ ನಿನ್ ಮುಂದೆ ಆಡಲ್ಲ. ನೀನು ಬಾಯ್ತುಂಬ ಹೇಳೋ ಚಾಪೆಲ್ ಹಿಲ್ ಯೂನಿವರ್ಸಿಟಿಲಿ 2023-24ರಲ್ಲಿ ಇದೇ ರಾಜ್ಯದ ಮಕ್ಕಳಿಗೆ ವರ್ಷದ ಟ್ಯೂಷನ್ ಸುಮಾರು 7 ಸಾವಿರ ಡಾಲರ್, ಹೊರಗಿನವರಿಗೆ 37 ಸಾವಿರ ದಾಟಿತ್ತು. ಅದೇ ಕ್ಲಾಸು, ಅದೇ ಬೆಂಚು, ಅದೇ ಪ್ರೊಫೆಸರು. ಈ ರಾಜ್ಯದವರು ಕಟ್ಟಿದ ಟ್ಯಾಕ್ಸಲ್ಲಿ ಆ ಯೂನಿವರ್ಸಿಟಿ ನಡೀತಿದೆ, ಅದಕ್ಕೇ ಅವರ ಮಕ್ಕಳಿಗೆ ಕಡಿಮೆ, ಇದರಲ್ಲಿ ಅನ್ಯಾಯ ಏನೂ ಇಲ್ಲ. ಸೀಟಿನ ಲೆಕ್ಕದಲ್ಲೂ ಹಾಗೇನೇ, ಅಲ್ಲಿ ಹೊರಗಿಂದ ಬರೋ ಮೊದಲ ವರ್ಷದವರಿಗೆ ಶೇಕಡ 18ರ ಮಿತಿ ಬಹಳ ಕಾಲದಿಂದ ಇದೆ. ಇದರ ಜೊತೆಗೆ ನೀನು ಎಚ್-4 ಮೇಲೆ, ಅಂದ್ರೆ ಅಪ್ಪನ ಎಚ್-1ಬಿ ಕೆಲಸದ ವೀಸಾ ಜೊತೆಗೆ ಬರೋ ವೀಸಾ ಮೇಲೆ, ಇರೋದ್ರಿಂದ ಫಾಫ್ಸಾ ಅನ್ನೋ ನೆರವಿನ ಅರ್ಜಿ ತುಂಬಿ ಫೆಡರಲ್ ಸರ್ಕಾರದ ದುಡ್ಡು ತಗೊಳ್ಳೋ ದಾರಿ ನಿಂಗಿಲ್ಲ. ಕ್ಲಾಸಲ್ಲಿ ನಿನ್ ಫ್ರೆಂಡ್ಸ್ ಪೆಲ್ ಗ್ರಾಂಟ್, ಲೋನ್ ಅಂತ ಮಾತಾಡುವಾಗ ನೀನು ಸುಮ್ನಿರ್ತೀಯಂತೆ, ಅಮ್ಮ ಹೇಳಿದ್ಲು. ಹಾಗಾಗಿ ಇನ್‌ಸ್ಟೇಟ್ ಅನ್ನೋ ಒಂದು ಪದವೇ ನಿನ್ನ ಸ್ಕಾಲರ್‌ಶಿಪ್ ಅಂತ ತಿಳ್ಕೋ.

ಊರಲ್ಲೂ ಇಂಥದ್ದು ಇದೆ ಕಣಮ್ಮ. ಸಿಇಟಿಗೆ ಕರ್ನಾಟಕದ ಕೋಟಾ ಬೇಕಂದ್ರೆ ಒಂದನೇ ಕ್ಲಾಸಿಂದ ಪಿಯುಸಿವರೆಗೆ 7 ವರ್ಷ ಕರ್ನಾಟಕದಲ್ಲೇ ಓದಿರಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸೈನು ಬೇಕು. ನಿಮ್ಮಮ್ಮ ಪಿಯುಸಿ ಮುಗಿಸಿದಾಗ ನಿಮ್ಮಜ್ಜನ ಬ್ಯಾಂಕ್ ಟ್ರಾನ್ಸ್‌ಫರ್ ದೆಸೆಯಿಂದ ಅವಳು ನಾಲ್ಕು ವರ್ಷ ಕೊಯಮತ್ತೂರಲ್ಲಿ ಓದಿದ್ಲು, ಉಳಿದಿದ್ದಕ್ಕೆ ಒಂದೊಂದು ಸ್ಕೂಲಿಗೂ ನಾನೇ ಹೋಗಿ ಸರ್ಟಿಫಿಕೇಟ್ ತಂದಿದ್ದೆ. ಬಿಇಒ ಆಫೀಸಿನ ಬೆಂಚ್ ಮೇಲೆ ಎರಡು ದಿನ ಕೂತಿದ್ದು, ಕೊನೆಗೆ ಆ ನೇರಳೆ ಸೀಲು ಒದ್ದೆ ಇರೋವಾಗಲೇ ಕಾಗದ ಮಡಚಿ ಆ ಕಡೆ ಪುಟಕ್ಕೂ ಅಂಟ್ಕೊಂಡಿದ್ದು, ಅವಳು ಅತ್ತಿದ್ದು, ನಂಗೆ ಈಗಲೂ ಕಣ್ಮುಂದೆ ಇದೆ. ಆದ್ರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ ನೀನು ಎಲ್ಲಿ ಓದಿದೆ ಅಂತ ಕೇಳ್ತಾರೆ. ನಾರ್ತ್ ಕ್ಯಾರೊಲಿನಾದಲ್ಲಿ ನಿನ್ನ ಮನೆ ಎಲ್ಲಿದೆ ಅಂತ ಕೇಳ್ತಾರೆ, ಅದೂ ನಿನ್ನದಲ್ಲ, ನಿಮ್ಮಪ್ಪ ಅಮ್ಮಂದು. ನೀನು ಅವರ ಮೇಲೆ ಡಿಪೆಂಡೆಂಟ್ ಆಗಿರೋವರೆಗೂ ಅವರ ಮನೆ ಯಾವ ರಾಜ್ಯದ್ದೋ ನೀನೂ ಅದೇ ರಾಜ್ಯದವಳು.

ಇದಕ್ಕೆ ಅವರು ಡೊಮಿಸೈಲ್ ಅಂತಾರೆ. ಕಾಲೇಜ್ ಸೇರೋಕೆ ಮುಂಚೆ ಪೂರ್ತಿ 12 ತಿಂಗಳು ಇಲ್ಲಿ ಇದ್ದಿರಬೇಕು, ಬರೀ ಇದ್ರೆ ಸಾಲದು, ಇದೇ ನಮ್ಮ ಮನೆ ಅಂತ ನೆಲೆ ನಿಂತಿರಬೇಕು. ಮನಸ್ಸಲ್ಲಿ ಏನಿದೆ ಅಂತ ಯಾರಿಗೆ ಕಾಣುತ್ತೆ, ಅದಕ್ಕೇ ಅವರು ಕಾಗದ ನೋಡ್ತಾರೆ. ಈ ರಾಜ್ಯದಲ್ಲಿ ಒಂದೊಂದು ಕಾಲೇಜೂ ಬೇರೆಬೇರೆ ತೀರ್ಮಾನ ಮಾಡಲ್ಲ, ಆರ್‌ಡಿಎಸ್ ಅಂತ ಎಲ್ಲಕ್ಕೂ ಸೇರಿ ಒಂದೇ ವ್ಯವಸ್ಥೆ ಇದೆ, ಆನ್‌ಲೈನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಟ್ರೆ ಅವರೇ ಲೈಸೆನ್ಸ್ ಕೊಡೋ ಡಿಎಂವಿ, ಟ್ಯಾಕ್ಸ್ ಇಲಾಖೆ ದಾಖಲೆಗಳ ಜೊತೆ ತಾಳೆ ನೋಡಿ ರೆಸಿಡೆಂಟ್ ಅಥವಾ ನಾನ್-ರೆಸಿಡೆಂಟ್ ಅಂತ ಹೇಳ್ತಾರೆ, ಒಂದು ಆರ್‌ಸಿಎನ್ ನಂಬರ್ ಬರುತ್ತೆ, ಅದನ್ನ ಎಲ್ಲಾ ಅಪ್ಲಿಕೇಶನ್‌ಗೂ ಹಾಕೋದು. ವೀಸಾ ನೋಡಿ ಹೆದರಬೇಡ, ಎಚ್-1ಬಿ ಮತ್ತು ಅದರ ಎಚ್-4ನವರು ಇಲ್ಲಿ ಡೊಮಿಸೈಲ್ ಮಾಡ್ಕೋಬಹುದು. ಓದೋಕೆ ಎಫ್-1, ವಿನಿಮಯಕ್ಕೆ ಜೆ-1, ಪ್ರವಾಸಕ್ಕೆ ಬಿ-2 ಮೇಲೆ ಬಂದವರಿಗೆ ಆಗಲ್ಲ.

ಈಗ ನಮ್ಮನೇಲಿ ಆಗಿದ್ದು ಹೇಳ್ತೀನಿ, ನಿಮ್ಮಮ್ಮಂಗೂ ಪೂರ್ತಿ ಹೇಳಿರ್ಲಿಲ್ಲ.

2017ರ ಜುಲೈನಲ್ಲಿ ನಾನು ಒಹಾಯೊ ಬಿಟ್ಟು ಕ್ಯಾರಿಗೆ ಬಂದೆ. ನಿಮ್ಮತ್ತೆಗೆ ಅಲ್ಲಿ ಕೆಲಸ ಇತ್ತು, ಚಿಕ್ಕವನ ಸ್ಕೂಲು ಮಧ್ಯ ಬಿಡಿಸೋದು ಬೇಡ ಅಂತ ಅವರೆಲ್ಲ ಅಲ್ಲೇ ಉಳಿದ್ರು. ನಾನು ಇಲ್ಲಿ ಒಂದು ರೂಮ್ ಮಾಡ್ಕೊಂಡೆ, ಲೈಸೆನ್ಸು ಒಹಾಯೊದ್ದೇ, ಕಾರಿನ ಪ್ಲೇಟೂ ಅಲ್ಲಿಂದೇ, ಎರಡು ವಾರಕ್ಕೊಂದ್ಸಲ ಊಟದ ಡಬ್ಬಿ ತಗೊಂಡು ಒಂಬತ್ತು ಗಂಟೆ ಡ್ರೈವ್ ಮಾಡ್ಕೊಂಡು ಹೋಗಿ ಬರ್ತಿದ್ದೆ. ಇಲ್ಲಿಗೆ ನೆಲೆಸೋಕೆ ಬಂದವರು 60 ದಿನದೊಳಗೆ ಲೈಸೆನ್ಸ್ ಬದಲಾಯಿಸ್ಬೇಕು ಅನ್ನೋದು ಗೊತ್ತಿತ್ತು, ಮುಂದಿನ ವಾರ ಮುಂದಿನ ವಾರ ಅಂತ ತಳ್ಳಿದೆ. ನಿಮ್ಮತ್ತೆ, ಮಕ್ಕಳು ಬಂದಿದ್ದು 2018ರ ಜನವರಿ ಮಧ್ಯದಲ್ಲಿ, ಅದೇ ವಾರ ಮನೆ ಲೀಸ್ ಸೈನ್ ಮಾಡಿದ್ದು, ಲೈಸೆನ್ಸ್ ಮಾಡಿಸಿದ್ದು. ದೊಡ್ಡವನು ಆ ಆಗಸ್ಟ್‌ಗೆ ಕಾಲೇಜ್ ಸೇರ್ಬೇಕು. ನನ್ ಲೆಕ್ಕದಲ್ಲಿ ಜುಲೈಯಿಂದ ಜುಲೈಗೆ 12 ತಿಂಗಳು ಆಗೋಯ್ತು ಅಂತ. ಒಂದು ಭಾನುವಾರ ರಾತ್ರಿ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಅವನೂ ನಾನೂ ಉತ್ತರ ತುಂಬಿದ್ವಿ, ಸಬ್ಮಿಟ್ ಒತ್ತಿದ್ವಿ, ನಾನ್-ರೆಸಿಡೆಂಟ್ ಅಂತ ಬಂತು. ಅವನು ಏನೂ ಅನ್ಲಿಲ್ಲ. ತಟ್ಟೇಲಿದ್ದ ಚಪಾತಿ ಹಾಗೇ ಬಿಟ್ಟು ಎದ್ದು ಹೋದ.

ಅಪೀಲ್ ಹಾಕಿದ್ವಿ, ಇದ್ದ ಕಾಗದವೆಲ್ಲ ಕಳಿಸಿದ್ವಿ, ಒಂದೊಂದು ಕಾಗದವೂ ಜನವರಿನೇ ತೋರಿಸ್ತಿತ್ತು. ಹೆಂಡ್ತಿ ಮಕ್ಕಳು, ಲೈಸೆನ್ಸು, ಕಾರು ಎಲ್ಲಾ ಒಹಾಯೊದಲ್ಲಿ ಇಟ್ಕೊಂಡು ಇದೇ ನನ್ನ ಮನೆ ಅಂದ್ರೆ ಯಾರು ತಾನೇ ಒಪ್ತಾರೆ, ತಪ್ಪು ಅವರದ್ದಲ್ಲ, ನಂದು. ಇನ್ನೂ ನೋವಾಗಿದ್ದು ಎರಡನೇ ಸೆಮಿಸ್ಟರ್. 2019ರ ಜನವರಿ ಮೊದಲ ವಾರದ ಕೊನೇಲಿ ಕ್ಲಾಸ್ ಶುರು, ನಮ್ಮ 12 ತಿಂಗಳು ತುಂಬೋಕೆ ಇನ್ನೂ ಒಂದು ವಾರ ಚಿಲ್ರೆ ಬಾಕಿ. ಒಟ್ಟು ವರ್ಷಕ್ಕೆ 19 ಸಾವಿರ ಡಾಲರ್ ಹತ್ರ ಹೆಚ್ಚಿಗೆ ಕಟ್ಟಿದ್ವಿ, ಊರಲ್ಲಿ ಸೈಟ್‌ಗೆ ಅಂತ ಇಟ್ಟಿದ್ದ ದುಡ್ಡು. ಅವನು ಆ ವರ್ಷ ಪೂರ್ತಿ ಲೈಬ್ರರಿಲಿ ಕೆಲಸ ಮಾಡಿ ತಿಂಗಳಾ ತಿಂಗಳಾ ಸ್ವಲ್ಪ ತಂದು ನನ್ ಕೈಗೆ ಕೊಡ್ತಿದ್ದ, ಬೇಡ ಅಂದ್ರೂ ಕೇಳ್ತಿರ್ಲಿಲ್ಲ.

ಆ ಅಪೀಲ್ ಟೈಮಲ್ಲಿ ನಾನು ತುಂಬಾ ಓದಿದೆ. ಮೊದಲು ಕನೆಕ್ಟಿಕಟ್‌ನಲ್ಲಿ, ನೀನು ಬೇರೆ ರಾಜ್ಯದ ಅಡ್ರೆಸ್‌ನಿಂದ ಅಪ್ಲೈ ಮಾಡಿದ್ರೆ ಓದು ಮುಗಿಯೋವರೆಗೂ ಹೊರಗಿನವಳೇ ಅಂತ ನಿಯಮ ಇತ್ತಂತೆ. 1973ರಲ್ಲಿ ವ್ಲಾಂಡಿಸ್ ವರ್ಸಸ್ ಕ್ಲೈನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದು ಹಾಕ್ತು, ನಾನು ಇಲ್ಲಿಯವಳೇ ಅಂತ ತೋರಿಸೋಕೆ ಒಂದು ಅವಕಾಶ ಕೊಡಲೇಬೇಕು ಅಂತ. 1982ರಲ್ಲಿ ಟೋಲ್ ವರ್ಸಸ್ ಮೊರೆನೊ, ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಸಂಸಾರಕ್ಕೆ ಕೊಡೋ ಜಿ-4 ವೀಸಾದ ಮಕ್ಕಳು ಮೇರಿಲ್ಯಾಂಡ್ ಯೂನಿವರ್ಸಿಟಿ ಮೇಲೆ ಹೋಗಿ ಗೆದ್ರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ವೀಸಾದವರು ನಾವು ಕೇಳಬಾರದೇನೋ ಅನ್ನೋ ಸಂಕೋಚ ನಿಮ್ಮಪ್ಪಂಗೆ ಜಾಸ್ತಿ. ಕೇಳೋಕೆ ಹಕ್ಕಿದೆ. ಆದ್ರೆ ಕೇಳುವಾಗ ಕೈಯಲ್ಲಿ ಕಾಗದ ಇರಬೇಕು.

ಈಗ ನಿನ್ನ ವಿಷಯ. ಅಪ್ಪ ಜೂನ್‌ಗೆ ಒಬ್ರೇ ಬಂದು, ನೀನೂ ಅಮ್ಮನೂ ಎಡಿಸನ್‌ನಲ್ಲಿ ಉಳಿದ್ರೆ ನಾನು ಮಾಡಿದ್ದೇ ಮತ್ತೆ ಮಾಡ್ದಂಗೆ. ಇಲ್ಲಿಯವರು ನಿಮ್ಮ ಸಂಸಾರ ಎಲ್ಲಿದೆ ಅಂತ ಕೇಳ್ತಾರೆ. ನ್ಯೂಜೆರ್ಸಿಲೂ ಡಿಪೆಂಡೆಂಟ್ ಮಕ್ಕಳನ್ನ ಅಪ್ಪ ಅಮ್ಮನ ರಾಜ್ಯದವರು ಅಂತಲೇ ಮೊದಲು ಎಣಿಸೋದು, ಆಮೇಲೆ ಅಮ್ಮನೂ ಇಲ್ಲಿಗೆ ಬಂದ್ಬಿಟ್ರೆ ಅಲ್ಲೂ ಪ್ರಶ್ನೆ ಏಳುತ್ತೆ. ಎರಡು ದೋಣಿ ಮೇಲೆ ಕಾಲಿಟ್ಟು ನಿಲ್ಲೋ ಕೆಲಸ ಬೇಡ ಪುಟ್ಟಿ. ಮೂರೂ ಜನ ಜೂನ್‌ನಲ್ಲೇ ಬನ್ನಿ.

ನನ್ನ ಅಡ್ರೆಸ್ ಹಾಕೋದಂತೂ ಬೇಡವೇ ಬೇಡ. ಸುಳ್ಳು ಉತ್ತರ ಕೊಟ್ಟಿದ್ದು ಗೊತ್ತಾದ್ರೆ ಹಿಂದಿನ ಫೀಸಿನ ವ್ಯತ್ಯಾಸ ಕಕ್ಕಬೇಕು, ಜೊತೆಗೆ ನಾಳೆ ಗ್ರೀನ್‌ಕಾರ್ಡ್ ಫಾರ್ಮಲ್ಲಿ ಎಲ್ಲೆಲ್ಲಿ ವಾಸ ಇದ್ರಿ ಅಂತ ಬರೀಬೇಕು, ಅಲ್ಲಿ ಎಡಿಸನ್, ಇಲ್ಲಿ ಕ್ಯಾರಿ ಅಂತ ಎರಡು ಥರ ಬರೀತೀಯಾ? ಸೋದರಮಾವನ ಮನೆ ಅನ್ನೋ ಸಂಬಂಧಕ್ಕೆ ಇಲ್ಲಿನ ಕಾನೂನಲ್ಲಿ ಒಂದು ಜಾಗ ಇದೆ ನಿಜ, ಆದ್ರೆ ಅದಕ್ಕೆ ನೀನು ಸತತ 5 ವರ್ಷ ನಮ್ಮನೇಲೇ ಬೆಳೆದಿರಬೇಕು, ನಾವೇ ನಿಂಗೆ ಅಪ್ಪ ಅಮ್ಮನ ಥರ ಇದ್ದಿರಬೇಕು. ನೀನು ಬರೀ ಬೇಸಿಗೆ ರಜಕ್ಕೆ ಬಂದು ಮಾವಿನಹಣ್ಣು ತಿಂದು ಹೋದವಳು.

ಬಂದ ಮೊದಲ ತಿಂಗಳು ಏನ್ ಮಾಡ್ಬೇಕು ಅಂತ ಅಪ್ಪಂಗೆ ಓದಿ ಹೇಳು. ಲೀಸ್‌ನಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಇರಲಿ, ಕರೆಂಟ್ ಬಿಲ್ ಅದೇ ಅಡ್ರೆಸ್‌ಗೆ ಬರಲಿ, ಇಬ್ಬರೂ ಲೈಸೆನ್ಸ್ ಬದಲಾಯಿಸಲಿ, ಎರಡೂ ಕಾರು ಇಲ್ಲಿ ರಿಜಿಸ್ಟರ್ ಆಗಲಿ, ಎಡಿಸನ್ ಮನೆ ಲೀಸ್ ಮುಗಿಸಿದ ಪತ್ರ ಎತ್ತಿಡಲಿ. ಮುಂದಿನ ವರ್ಷ ಟ್ಯಾಕ್ಸ್ ಹಾಕುವಾಗ ಎರಡೂ ರಾಜ್ಯಕ್ಕೆ ಪಾರ್ಟ್-ಇಯರ್ ರೆಸಿಡೆಂಟ್ ಅಂತ ಹಾಕ್ಬೇಕು, ಬಂದ ತಾರೀಕು ಎರಡರಲ್ಲೂ ಒಂದೇ ಇರಬೇಕು. ನಿಮ್ಮತ್ತೆ ಚಿಕ್ಕವನ ಟೈಮಲ್ಲಿ ಒಂದು ಕಿತ್ತಳೆ ಬಣ್ಣದ ಫೈಲ್ ಮಾಡಿ ಒಂದೊಂದು ಕಾಗದದ ಮೂಲೇಲೂ ಬಾಲ್‌ಪೆನ್‌ನಲ್ಲಿ ತಾರೀಕು ಬರೆದಿಟ್ಟಿದ್ಲು, ಅವನಿಗೆ ಒಂದೇ ಏಟಿಗೆ ರೆಸಿಡೆಂಟ್ ಅಂತ ಬಂತು.

ಒಂದು ಮಾತ್ರ ಎರಡು ಸಲ ಓದು. ಡಿಎಂವಿಲಿ ಲೈಸೆನ್ಸ್ ಮಾಡುವಾಗ ವೋಟರ್ ರಿಜಿಸ್ಟ್ರೇಷನ್ ಮಾಡಲಾ ಅಂತ ಕೇಳ್ತಾರೆ. ಕೌಂಟರ್‌ನಲ್ಲಿ ಸಾಲು ಇರುತ್ತೆ, ಅವರು ಗಡಿಬಿಡಿಲಿ ಕೇಳ್ತಾರೆ, ನಾವು ಎಲ್ಲದಕ್ಕೂ ಯೆಸ್ ಯೆಸ್ ಅಂತಿರ್ತೀವಿ. ಅಲ್ಲಿ ನೋ ಅನ್ಬೇಕು. ಸಿಟಿಜನ್ ಅಲ್ಲದವರು ವೋಟರ್ ಲಿಸ್ಟಿಗೆ ಸೇರಿದ್ರೆ ಮುಂದೆ ಗ್ರೀನ್‌ಕಾರ್ಡಿಗೇ ಕುತ್ತು. ರೆಸಿಡೆನ್ಸಿಗೆ ಇನ್ನೊಂದು ಪ್ರೂಫ್ ಸಿಗುತ್ತೆ ಅಂತ ಯಾರಾದ್ರೂ ಬುದ್ಧಿ ಹೇಳಿದ್ರೆ ಅವರ ಮಾತು ಕಿವಿಗೆ ಹಾಕ್ಕೋಬೇಡಿ.

ಆಮೇಲೆ ನಿನ್ನ 21ನೇ ಹುಟ್ಟುಹಬ್ಬ. ಅದು ಬರೋದು ಕಾಲೇಜಿನ ನಾಲ್ಕನೇ ವರ್ಷದ ನವೆಂಬರ್‌ನಲ್ಲಿ. ಅಷ್ಟರಲ್ಲಿ ಗ್ರೀನ್‌ಕಾರ್ಡ್ ಸಿಗದಿದ್ರೆ, ಇಂಡಿಯಾದವರ ಕ್ಯೂ ನಿಂಗೆ ಗೊತ್ತೇ ಇದೆ, ಅವತ್ತಿಗೆ ಎಚ್-4 ಮುಗೀತು, ಎಫ್-1ಗೆ ಹೋಗ್ಬೇಕು, ಎಫ್-1ಗೆ ಇಲ್ಲಿ ಡೊಮಿಸೈಲ್ ಇಲ್ಲ ಅಂತ ಮೇಲೆ ಹೇಳಿದ್ನಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ನೀನು ಈ ಲೆಕ್ಕ ಹಾಕ್ಬೇಕಾಗಿ ಬಂದಿದ್ದು ನಂಗೆ ಸಂಕಟ ಆಗುತ್ತೆ. ಗ್ರೀನ್‌ಕಾರ್ಡ್ ಕಾಯೋ ಮಕ್ಕಳಿಗೆ ಸಿಎಸ್‌ಪಿಎ ಅಂತ ಒಂದು ಕಾನೂನಿದೆ, ಅದರ ಪ್ರಕಾರ ನಿನ್ನ ವಯಸ್ಸಿಂದ ಎಷ್ಟು ದಿನ ಕಳೀಬಹುದು ಅಂತ ಅಪ್ಪ ಈಗಲೇ ಲಾಯರ್ ಹತ್ರ ಕೇಳಿಡಲಿ.

ಇಲ್ಲೇ ನಿನ್ನ ಟ್ವೆಲ್ತ್ ವಿಷಯ ಬರೋದು. ಅದನ್ನ ಶಾರ್ಲೆಟ್‌ನಲ್ಲಿ ಓದಿದ್ರೆ ಕರಿಯರ್ ಅಂಡ್ ಕಾಲೇಜ್ ಪ್ರಾಮಿಸ್ ಅಂತ ಒಂದಿದೆ, ಹೈಸ್ಕೂಲ್ ಮಕ್ಕಳು ಟ್ಯೂಷನ್ ಕಟ್ಟದೆ ಕಮ್ಯುನಿಟಿ ಕಾಲೇಜಲ್ಲಿ ಕ್ಲಾಸ್ ತಗೊಂಡು ಆ ಕ್ರೆಡಿಟ್ ಯೂನಿವರ್ಸಿಟಿಗೆ ಒಯ್ಯಬಹುದು. ಹೈಸ್ಕೂಲಲ್ಲೇ ಬರೆಯೋ ಕಾಲೇಜ್ ಮಟ್ಟದ ಎಪಿ ಪರೀಕ್ಷೆಯ ನಿನ್ನ ಸ್ಕೋರೂ ಸೇರಿದ್ರೆ ಮೂರು ವರ್ಷದಲ್ಲಿ ಡಿಗ್ರಿ ಮುಗಿಸೋ ದಾರಿ ಇದೆ, ಅಂದ್ರೆ ಆ ನವೆಂಬರ್ ಬರೋಕೆ ಮುಂಚೆ. ಒಂದು ಪಕ್ಷ ಏನೇ ಮಾಡಿದ್ರೂ ನಾನ್-ರೆಸಿಡೆಂಟ್ ಅಂತಲೇ ಬಂದ್ರೆ ಎನ್‌ಸಿ ಪ್ರಾಮಿಸ್ ಅನ್ನೋ ರಾಜ್ಯದ ಕಡಿಮೆ ಫೀಸಿನ ಯೋಜನೆಯ ನಾಲ್ಕು ಕ್ಯಾಂಪಸ್ ಇವೆ, ವೆಸ್ಟರ್ನ್ ಕ್ಯಾರೊಲಿನಾ, ಪೆಂಬ್ರೋಕ್, ಎಲಿಜಬೆತ್ ಸಿಟಿ, ಫಯೆಟ್‌ವಿಲ್, ಅಲ್ಲಿ ಹೊರಗಿನವರಿಗೂ ಸೆಮಿಸ್ಟರ್‌ಗೆ 2,500 ಡಾಲರ್ ಟ್ಯೂಷನ್ ಅಷ್ಟೇ, ರೆಸಿಡೆಂಟ್ ಆದ್ರೆ 500. ಹೆಸರು ದೊಡ್ಡದಲ್ಲ ಅಂತ ಮೂಗು ಮುರೀಬೇಡ.

ಆರು ವರ್ಷ ಜೊತೆಗೆ ವಯೊಲಿನ್ ನುಡಿಸಿದ ಫ್ರೆಂಡ್ಸ್ ಬಿಟ್ಟು ಕೊನೇ ವರ್ಷ ಹೊಸ ಸ್ಕೂಲಲ್ಲಿ ಒಬ್ಬಳೇ ಲಂಚ್ ತಿನ್ನೋದು ಕಷ್ಟ ಅಂತ ಗೊತ್ತು ಕಣಮ್ಮ. ನಮ್ಮ ಚಿಕ್ಕವನೂ ಜನವರಿಲಿ ಬಂದಾಗ ಎರಡು ತಿಂಗಳು ಸರಿಯಾಗಿ ಮಾತಾಡ್ಲಿಲ್ಲ. ಅದಕ್ಕೇ ನಿನ್ ಮೇಲೆ ಕೂಗಾಡಬೇಡಿ ಅಂತ ನಿಮ್ಮಮ್ಮಂಗೆ ಹೇಳಿದೀನಿ. ನೀನೇ ಕೂತು ಯೋಚನೆ ಮಾಡು, ಈ ಶನಿವಾರ ಸಾಯಂಕಾಲ ಫೋನ್ ಮಾಡ್ತೀನಿ, ಬೈಯೋದಿದ್ರೆ ಆಗ ಬೈಯಿ. ಬರೋದಾದ್ರೆ ಜೂನ್ ಎರಡನೇ ವಾರಕ್ಕೆ ನಾನು ರಜ ಕೇಳಿಟ್ಟಿದೀನಿ, ಎಡಿಸನ್‌ಗೆ ಬಂದು ಟ್ರಕ್ ಓಡಿಸ್ಕೊಂಡು ಬರೋದು ನನ್ ಜವಾಬ್ದಾರಿ, ವಯೊಲಿನ್ ಮಾತ್ರ ನಿನ್ ತೊಡೆ ಮೇಲೇ ಇರಲಿ. ಆ ಕಿತ್ತಳೆ ಫೈಲ್ ಖಾಲಿ ಮಾಡಿ ನಿಮ್ಮತ್ತೆ ಬಾಗಿಲ ಪಕ್ಕ ಇಟ್ಟಿದಾಳೆ, ಅದನ್ನೂ ತರ್ತೀನಿ.

ನಿನ್ನ ಮಾಮ
ಕ್ಯಾರಿ