ದುಡಿದು ಮುಗಿದ ಕಮಿಷನ್‌ಗೆ ಕತ್ತರಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ಆಸ್ಪತ್ರೆಗಳಿಗೆ ಮಾನಿಟರ್, ವೆಂಟಿಲೇಟರ್ ಮಾರುವ ಕೆಲಸ ನನ್ನದು. ಮೂಲ ಸಂಬಳ ಬಾಡಿಗೆಗೇ ಸರಿಹೋಗುತ್ತದೆ, ಸಂಸಾರ ನಡೆಯುವುದು ಕಮಿಷನ್‌ನಿಂದ. ಅದನ್ನು ಅಷ್ಟಿಷ್ಟು ಕಡಿಯುತ್ತ ಬಂದಾಗಲೆಲ್ಲ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಈ ಸಲ ಆಗಲಿಲ್ಲ.

ಒಂದು ದೊಡ್ಡ ಆರ್ಡರ್‌ಗಾಗಿ ತಿಂಗಳುಗಟ್ಟಲೆ ಅಲೆದೆ. ಪರ್ಚೇಸ್ ವಿಭಾಗದ ಬಾಗಿಲು ಕಾದೆ, ಡಾಕ್ಟರು ಓಟಿಯಿಂದ ಹೊರಬರುವ ತನಕ ರಾತ್ರಿ ನಿಂತೆ, ಲಿಫ್ಟ್ ಕೆಟ್ಟಿದ್ದ ದಿನ ಡೆಮೊ ಮೆಷಿನ್ ಹೊತ್ತು ಮೆಟ್ಟಿಲು ಹತ್ತಿದೆ. ಆರ್ಡರ್ ಬಂತು, ಮಾಲು ಹೋಯಿತು, ಆಸ್ಪತ್ರೆಯವರು ಪೂರ್ತಿ ಹಣವನ್ನೂ ಕಟ್ಟಿದರು. ಆಮೇಲೆ ಬಂತು ಕಂಪನಿಯ ಇಮೇಲ್: ಕಮಿಷನ್ ದರ ಅರ್ಧಕ್ಕೆ ಇಳಿದಿದೆ, ಮೂರು ತಿಂಗಳ ಹಿಂದಿನಿಂದಲೇ ಅನ್ವಯ. ಮುಗಿದುಹೋದ ವ್ಯಾಪಾರಕ್ಕೂ! ಕೇಳಿದ್ದಕ್ಕೆ ಮ್ಯಾನೇಜರು ಆಫರ್ ಲೆಟರ್‌ನ ಒಂದು ಸಾಲಿನ ಮೇಲೆ ಬೆರಳಿಟ್ಟರು: ‘ಇನ್ಸೆಂಟಿವ್ ಕಂಪನಿಯ ವಿವೇಚನೆಗೆ ಬಿಟ್ಟದ್ದು.’ ಮಗಳ ಶಾಲೆ ಫೀಸು ಆ ದುಡ್ಡಿನಲ್ಲಿತ್ತು ಸ್ವಾಮಿ.

ಮುಂದಿನ ವ್ಯಾಪಾರಕ್ಕೆ ದರ ಬದಲಿಸಲಿ, ಮೊದಲೇ ತಿಳಿಸಿ ಬದಲಿಸಲಿ. ದುಡಿದು ಮುಗಿದದ್ದನ್ನು ಮುಟ್ಟಬಾರದು. ನನ್ನ ಬೇಡಿಕೆ ಇಷ್ಟೇ.

ಕಾನೂನು ತಮಗೆ ಗೊತ್ತಿರುವುದೇ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮಾರಾಟದ ಕಮಿಷನ್ ಕೂಡ ವೇತನವೇ ಆಗಿತ್ತು. ವೇತನದ ಷರತ್ತು ಬದಲಿಸಬೇಕಾದರೆ 21 ದಿನ ಮುಂಚೆ ನೋಟಿಸ್ ಕೊಡಬೇಕಿತ್ತು. ಅಂಥ ಹಳೆಯ ಕಾಯ್ದೆಗಳ ಬದಲು ಕೇಂದ್ರ ತಂದು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೋಟಿಸ್ ಉಳಿದಿದೆ, ಆದರೆ ವೇತನದ ವ್ಯಾಖ್ಯೆಯಿಂದ ಕಮಿಷನ್ ಹೊರಗೆ ಬಿದ್ದಿದೆ. ಹಾಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದಷ್ಟು ಮಾತ್ರ ವೇತನ. ಅರ್ಜಿ ಹಿಡಿದು ಹೋದ ಕಚೇರಿಯಲ್ಲಿ ‘ಕಮಿಷನ್ ವೇತನ ಅಲ್ಲವಲ್ರೀ’ ಎಂದು ವಾಪಸ್ ಕಳಿಸಿದರು. ಆದಾಯ ತೆರಿಗೆ ಹಿಡಿಯುವಾಗ ಇದೇ ಕಮಿಷನ್ ಸಂಬಳದ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಕೈಗೆ ಬರಬೇಕಾದಾಗ ಮಾತ್ರ ಯಾರದೋ ದಯೆ ಆಗಿಬಿಡುತ್ತದೆಯೇ? ಕೈ ಕೆಳಗಿನ ಅಧಿಕಾರಿಗಳನ್ನು ಕರೆದು ನೀವೇ ಕೇಳಿ, ಇದಕ್ಕೆ ಉತ್ತರ ಯಾರ ಹತ್ತಿರ ಇದೆ ಎಂದು.

ಭರವಸೆ ಬೇಡ, ಸಮಿತಿಯೂ ಬೇಡ. ಮಾರಾಟ ಮುಗಿದ ಮೇಲೆ ಹಿಂದಿನ ದಿನಾಂಕ ಹಾಕಿ ಕಮಿಷನ್ ಕಡಿಯುವಂತಿಲ್ಲ, ದರ ಇಳಿಸುವ ಮುಂಚೆ ನೋಟಿಸ್ ಕೊಡಲೇಬೇಕು ಎಂದು ಇಲಾಖೆಯಿಂದ ಸುತ್ತೋಲೆ ಹೊರಡಿಸಿ. ವೇತನದ ವ್ಯಾಖ್ಯೆ ತಿದ್ದುವಂತೆ ಕೇಂದ್ರಕ್ಕೆ ಬರೆಯಿರಿ. ನಮ್ಮಂಥವರ ದೂರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸದೆ ದಾಖಲಿಸಿಕೊಳ್ಳುವಂತೆ ಆದೇಶ ಮಾಡಿ. ದುಡಿದು ಮುಗಿದ ಕಮಿಷನ್ನನ್ನು ಯಾರೂ ಮುಟ್ಟದ ಹಾಗೆ ಮಾಡಿ.

ಇತಿ,
ಒಬ್ಬ ಮಾರಾಟ ಪ್ರತಿನಿಧಿ