ಲೇಸರ್ ಪ್ರಯೋಗಕ್ಕೆ ಮುನ್ನ ಸುರಕ್ಷತೆಯ ಪಾಠವಾಗಲಿ

ಮಾನ್ಯರೆ,

ಹುಬ್ಬಳ್ಳಿ-ಧಾರವಾಡ ಹಾಗೂ ಗದಗ ಭಾಗದ ಪದವಿ ಕಾಲೇಜುಗಳಲ್ಲಿ ಗ್ರೇಟಿಂಗ್ (ಒತ್ತೊತ್ತಾದ ಸೂಕ್ಷ್ಮ ಗೆರೆಗಳಿಂದ ಬೆಳಕನ್ನು ಹಲವು ದಿಕ್ಕಿಗೆ ಒಡೆಯುವ ಗಾಜು) ಬಳಸಿ ಲೇಸರ್ ಬೆಳಕಿನ ತರಂಗದೂರ ಅಳೆಯುವ ಪ್ರಯೋಗವನ್ನು ಬಿ.ಎಸ್ಸಿ. ವಿದ್ಯಾರ್ಥಿಗಳು ಮಾಡುತ್ತಾರೆ. ಸೂತ್ರ, ಕೋಷ್ಟಕ, ಲೆಕ್ಕ ಎಲ್ಲವೂ ಪ್ರಯೋಗದ ದಾಖಲೆ ಪುಸ್ತಕವಾದ ಜರ್ನಲ್‌ನಲ್ಲಿ ಅಚ್ಚುಕಟ್ಟಾಗಿರುತ್ತವೆ; ಕಿರಣದ ಎದುರು ಹೇಗಿರಬೇಕೆಂಬುದು ಮಾತ್ರ ‘ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ’ ಎಂಬ ಬಾಯಿಮಾತಿನಲ್ಲಿ ಮುಗಿಯುತ್ತದೆ. ಅಷ್ಟು ಸಾಲದು. ಅದಕ್ಕೆ ಕಾರಣ ವಿದ್ಯಾರ್ಥಿಗಳ ಉಡಾಫೆಯಲ್ಲ, ಅಧ್ಯಾಪಕರಾದ ನಾವೇ ಕಲಿಸಿದ ರೂಢಿ.

ಸೋಡಿಯಂ ದೀಪದೆದುರು ಸ್ಪೆಕ್ಟ್ರೋಮೀಟರಿನ ದುರ್ಬೀನಿಗೆ ಕಣ್ಣು ಹಚ್ಚುವುದು, ನ್ಯೂಟನ್ ಉಂಗುರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು, ಹೀಗೆ ಬೆಳಕಿನ ಪ್ರಯೋಗವೆಂದರೆ ಉಪಕರಣದೊಳಗೆ ಇಣುಕುವುದೆಂದೇ ವರ್ಷವಿಡೀ ಅಭ್ಯಾಸವಾದ ವಿದ್ಯಾರ್ಥಿಯ ಕೈಗೆ ಅದೇ ಗ್ರೇಟಿಂಗ್ ಕೊಟ್ಟು ಲೇಸರ್ ಮುಂದೆ ನಿಲ್ಲಿಸಿದರೆ, ಕಿರಣ ಸರಿಯಾಗಿ ಹಾಯುತ್ತಿದೆಯೇ ಎಂದು ಆತ ಬಗ್ಗಿ ನೋಡುವುದು ತೀರ ಸಹಜ. ಇಲ್ಲಿ ನೋಡಬೇಕಾದದ್ದು ಎದುರಿನ ಗೋಡೆಯ ಗ್ರಾಫ್ ಹಾಳೆಯ ಮೇಲಿನ ಚುಕ್ಕೆಗಳನ್ನು ಮಾತ್ರ. ಗ್ರೇಟಿಂಗಿನ ಗಾಜು ಕೂಡ ಕಿರಣದ ಒಂದಂಶವನ್ನು ಹಿಂದಕ್ಕೆ ಹೊರಳಿಸುತ್ತದೆ. ಗಾಜನ್ನು ಸ್ವಲ್ಪ ತಿರುಗಿಸಿದರೆ ಆ ಅಂಶ ಪಕ್ಕದ ಮೇಜಿನವರ ಮುಖಕ್ಕೇ ಹೋಗಬಹುದು.

ಮನೆಯ ಬಲ್ಬೇ ಒಂಬತ್ತು ವ್ಯಾಟ್ ಇರುವಾಗ ಒಂದು ಮಿಲಿವ್ಯಾಟಿನ ಲೇಸರ್ ಏನು ಮಹಾ ಎಂಬ ಪ್ರಶ್ನೆ ಏಳುವುದುಂಟು. ಬಲ್ಬಿನ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಲೇಸರ್ ಕಿರಣವಾದರೋ ಬಹುತೇಕ ಸಮಾಂತರವಾಗಿ ಬಂದು, ಕಣ್ಣಿನ ಮಸೂರದ ಮೂಲಕ ಅಕ್ಷಿಪಟದ ಮೇಲೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಅಗಲದ ಬಿಂದುವಿನಲ್ಲಿ ಸೇರುತ್ತದೆ. ತೀವ್ರತೆ ಸುಮಾರು ಒಂದು ಲಕ್ಷ ಪಟ್ಟು ಏರುತ್ತದೆ. ಲೇಸರುಗಳನ್ನು ಅಪಾಯಕ್ಕೆ ತಕ್ಕಂತೆ ವರ್ಗೀಕರಿಸುವಾಗ, 1 ಮಿಲಿವ್ಯಾಟ್ ಮೀರದ ಎರಡನೇ ವರ್ಗದ ಲೇಸರನ್ನು ಸುರಕ್ಷಿತವೆನ್ನುವುದು, ಬೆಳಕು ಚುಚ್ಚಿದೊಡನೆ ಸುಮಾರು ಕಾಲು ಸೆಕೆಂಡಿನಲ್ಲಿ ಮನುಷ್ಯ ರೆಪ್ಪೆ ಮುಚ್ಚುತ್ತಾನೆಂಬ ನಂಬಿಕೆಯ ಮೇಲೆ. ಕಿರಣ ಹೊಂದಿಸಲೆಂದು ಬೇಕೆಂದೇ ದಿಟ್ಟಿಸುವವನಿಗೆ ಆ ರಕ್ಷಣೆ ದೊರೆಯದು. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲ, ಅಲ್ಲಿ ಸುಟ್ಟ ಜೀವಕೋಶಗಳು ಮತ್ತೆ ಹುಟ್ಟುವುದೂ ಇಲ್ಲ.

ಪ್ರಯೋಗಾಲಯದ ಹೀಲಿಯಂ-ನಿಯಾನ್ ಲೇಸರ್ ಕೆಟ್ಟಾಗ ಪೇಟೆಯ ಹಸಿರು ಪಾಯಿಂಟರ್ ತಂದು ಕೆಲಸ ಸಾಗಿಸುವ ಪದ್ಧತಿಯನ್ನಂತೂ ಕೂಡಲೇ ನಿಲ್ಲಿಸಬೇಕು. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ 5 ಮಿಲಿವ್ಯಾಟ್ ಎಂದಿದ್ದರೂ ಒಳಗಿನದು ಅದಕ್ಕಿಂತ ಬಹಳ ಹೆಚ್ಚಿರಬಹುದು. ಸಾಮಾನ್ಯವಾಗಿ ಅದರ 532 ನ್ಯಾನೋಮೀಟರ್ ಹಸಿರು ಬೆಳಕು ಹುಟ್ಟುವುದೇ 1064 ನ್ಯಾನೋಮೀಟರಿನ ಅವಕೆಂಪು ಕಿರಣದಿಂದ. ಅಗ್ಗದ ಪಾಯಿಂಟರಿನಲ್ಲಿ ಅದನ್ನು ತಡೆಯುವ ಸೋಸು ಗಾಜು ಇಲ್ಲದಿದ್ದರೆ, ಕಣ್ಣಿಗೆ ಕಾಣದ, ಆದ್ದರಿಂದ ರೆಪ್ಪೆಯನ್ನೂ ಮುಚ್ಚಿಸದ ಆ ಕಿರಣ ಹಸಿರಿನ ಜೊತೆಗೇ ಹೊರಬೀಳುತ್ತದೆ.

ಇನ್ನು ಪ್ರಯೋಗಾಲಯದ ಏರ್ಪಾಟು. ನಿಂತವನ ಸೊಂಟಕ್ಕಿಂತ ತುಸು ಮೇಲೆ ಹಾಯುವ ಕಿರಣ, ಸ್ಟೂಲಿನ ಮೇಲೆ ಕುಳಿತವನ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಾಗಾಗಿ ಲೇಸರ್ ಮೇಜಿನ ಬಳಿ ಸ್ಟೂಲ್ ಇಡಲೇಬಾರದು. ಕಿಟಕಿಗಳಿಗೆ ಕರಿ ಪರದೆ ಎಳೆದು ದೀಪ ಆರಿಸುವ ನಮ್ಮ ಹಳೆಯ ಚಾಳಿ ಸೋಡಿಯಂ ದೀಪಕ್ಕೆ ಸರಿ, ಲೇಸರಿಗೆ ತಪ್ಪು: ಕತ್ತಲಲ್ಲಿ ಕಣ್ಣಿನ ಪಾಪೆ ಏಳು ಮಿಲಿಮೀಟರಿನವರೆಗೂ ಹಿಗ್ಗಿ, ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಕಿರಣವನ್ನು ಹೊರಳಿಸಬಲ್ಲ ಉಂಗುರ, ಗಡಿಯಾರ, ಬಳೆ ತೆಗೆದಿಡುವುದು, ಕಿರಣದ ಕೊನೆಗೆ ಕಪ್ಪು ಬಳಿದ ಹಲಗೆ ನಿಲ್ಲಿಸುವುದು, ಗ್ರೇಟಿಂಗ್ ಮುಟ್ಟುವ ಮೊದಲು ಲೇಸರಿನ ಬಾಯಿ ಮುಚ್ಚುವುದು ಎಲ್ಲರಿಗೂ ಸಾಧ್ಯ. ಸುರಕ್ಷತಾ ಕನ್ನಡಕಕ್ಕೆ ಅನುದಾನವಿಲ್ಲವೆಂಬ ಉತ್ತರ ಕೇಳಿಬರುತ್ತದೆ; ನಿಜವಾದ 1 ಮಿಲಿವ್ಯಾಟ್ ಲೇಸರಿಗೆ ಕನ್ನಡಕದ ಅಗತ್ಯವೇ ಇಲ್ಲ, ಮೇಲಿನ ಯಾವುದಕ್ಕೂ ಹೇಳಿಕೊಳ್ಳುವಂಥ ಖರ್ಚೂ ಇಲ್ಲ.

ಇದೇ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಧಾರವಾಡದ ಐಐಟಿಗೋ ಬೆಂಗಳೂರಿನ ಸಂಶೋಧನಾ ಸಂಸ್ಥೆಗೋ ಹೋಗಿ, 500 ಮಿಲಿವ್ಯಾಟ್ ಮೀರಿದ ನಾಲ್ಕನೇ ವರ್ಗದ ಲೇಸರ್ ಮುಂದೆ ನಿಲ್ಲಬಹುದು. ಅಲ್ಲಿ ಗೋಡೆಯಿಂದ ಚದುರಿದ ಬೆಳಕೂ ಅಪಾಯಕಾರಿಯಾಗಬಲ್ಲದು. ಕನ್ನಡಕ ಕಡ್ಡಾಯ, ಅದೂ ಆಯಾ ತರಂಗದೂರಕ್ಕೆ ತಕ್ಕದ್ದು, ಏಕೆಂದರೆ ಹಸಿರನ್ನು ತಡೆಯುವ ಕನ್ನಡಕ ಕೆಂಪನ್ನು ಹಾಗೆಯೇ ಬಿಡಬಹುದು. ಬಗ್ಗಿ ನೋಡುವ ರೂಢಿಯನ್ನು ಅಲ್ಲಿಗೆ ಹೋದ ಮೇಲೆ ಬಿಡಿಸುವುದು ಕಷ್ಟ.

ಆದುದರಿಂದ ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ಅಧ್ಯಯನ ಮಂಡಳಿಯು ಲೇಸರ್ ಪ್ರಯೋಗಕ್ಕೆ ಮುನ್ನ ಅರ್ಧ ಗಂಟೆಯ ಸುರಕ್ಷತಾ ಪಾಠವನ್ನು ಪಠ್ಯಕ್ರಮದಲ್ಲೇ ಸೇರಿಸಿ, ಅದರ ಟಿಪ್ಪಣಿಗೆ ಜರ್ನಲ್‌ನಲ್ಲಿಯೂ ಪ್ರಶ್ನೆಗೆ ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿಯೂ ಅಂಕ ನಿಗದಿಪಡಿಸಬೇಕೆಂದು ಕೋರುತ್ತೇನೆ. ಅಂಕವಿಲ್ಲದ್ದನ್ನು ನಮ್ಮಲ್ಲಿ ಓದುವವರೂ ಕಡಿಮೆ, ಓದಿಸುವವರೂ ಕಡಿಮೆ.

– ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಮಾಳಮಡ್ಡಿ, ಧಾರವಾಡ