ಪುಟ್ಟನಿಗೆ, 250 ಗ್ರಾಂ ಸಿಗದ ವಿಷಯವಾಗಿ

ಹಾಸನ, ಸೋಮವಾರ

ಪುಟ್ಟಾ,

ನಿಮ್ಮಪ್ಪ ಫೋನ್ ಮಾಡಿದ್ದ. ಅಂಗಡಿಯ ಆನ್‌ಲೈನ್ ಪಟ್ಟಿಯಿಂದ ತೂಕ ಹೆಕ್ಕಿ ತೆಗೆಯಲು ರೆಗೆಕ್ಸ್ (ಬೇಕಾದ್ದನ್ನು ಸಾಲುಗಳಲ್ಲಿ ಹುಡುಕುವ ಮಾದರಿ) ಬರೆಯುತ್ತಾ ರಾತ್ರಿ ಎರಡು ಗಂಟೆವರೆಗೆ ಕೂತಿರುತ್ತೀಯಂತೆ. ಬರೆಯೋದು ಸ್ವಲ್ಪ ನಿಲ್ಲಿಸು. ಮೊದಲು ಪಟ್ಟಿಯ ನೂರು ಸಾಲು ಕಣ್ಣಲ್ಲೇ ಓದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಓದಲಿಲ್ಲ. ಅಂಕಿ, ಅದರ ಮುಂದೆ ಕೆಜಿ, ಇಷ್ಟು ಸಾಕು ಅಂದುಕೊಂಡೆ. 1.5 ಕೆಜಿ ಕಾಫಿಪುಡಿ ಸೈಟಿನಲ್ಲಿ 5 ಕೆಜಿ ಆಗಿ ಕೂತಿತ್ತು, ಬೆಲೆ ಮಾತ್ರ ಒಂದೂವರೆ ಕೆಜಿಯದ್ದೇ! 1,000 ಗ್ರಾಂ ಇದ್ದರೂ ಅಷ್ಟೇ, ಅಲ್ಪವಿರಾಮ ಮರೆತರೆ ಬರೀ 000 ಸಿಗುತ್ತದೆ.

ಅದರ ಮೇಲೆ ನಿಮ್ಮ ಚಿಕ್ಕಮಗಳೂರಿನ ಸಾಮಾನು ಬೇರೆ. ‘ಏಲಕ್ಕಿ 8 ಎಂಎಂ 100 ಗ್ರಾಂ’ ಅಂದರೆ 8 ಅನ್ನೋದು ಕಾಯಿಯ ದಪ್ಪ. ಕಾಫಿಪುಡಿಯ 70:30 ಚಿಕೋರಿಯ ಲೆಕ್ಕ. ಕಾಳುಮೆಣಸು ಇನ್ನೂ ತಲೆನೋವು: ‘550 ಗ್ರಾಂ/ಲೀಟರ್’ ಅಂತ ಬರೆದಿರುತ್ತಾರೆ, ಅದು ಕಾಳು ಎಷ್ಟು ಗಟ್ಟಿ ಅಂತ ನೋಡಲು ಒಂದು ಲೀಟರ್ ಅಳತೆಗೆ ಬರುವ ತೂಕ, ಪ್ಯಾಕೆಟ್ ತೂಕ ಅಲ್ವೇ ಅಲ್ಲ. ಗ್ರಾಂ ಆದಮೇಲೆ ಓರೆಗೆರೆ ಬಂದರೆ ಬೇಡ ಅಂತ ನೆಗೆಟಿವ್ ಲುಕ್‌ಅಹೆಡ್ ಹಾಕು.

ಇನ್ನು ‘250 ಗ್ರಾಂ’ ಕಣ್ಣೆದುರೇ ಇದ್ದರೂ ಸಿಗುತ್ತಿಲ್ಲ ಅಂದೆಯಲ್ಲ. ತಪ್ಪು ಕೊನೆಯಲ್ಲಿ ಹಾಕಿರುವ, ಪದದ ಗಡಿ (ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಕ್ಷರವಲ್ಲದ್ದು ಇರುವ ಜಾಗ) ಹುಡುಕುವ ಬ್ಯಾಕ್‌ಸ್ಲ್ಯಾಶ್ ಬಿ. ಪೈಥಾನ್‌ನ ‘ಆರ್‌ಇ’ ಮಾಡ್ಯೂಲ್ (ರೆಗೆಕ್ಸ್ ನಡೆಸುವ ಭಾಗ) ನಮ್ಮ ಕನ್ನಡದ ಗುಣಿತದ ಗುರುತು (ಾ, ಿ ತರಹದ್ದು), ಸೊನ್ನೆ (ಂ) ಯಾವುದನ್ನೂ ಅಕ್ಷರ ಅಂತ ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ. ಗ್ರಾಂ ಕೊನೆಯ ಸೊನ್ನೆ ಅಕ್ಷರವಲ್ಲ, ಪಕ್ಕದ ಖಾಲಿ ಜಾಗವೂ ಅಕ್ಷರವಲ್ಲ, ಎರಡರ ನಡುವೆ ಪದದ ಗಡಿ ಎಲ್ಲಿಂದ ಬರಬೇಕು ಹೇಳು? ಕೆಜಿಯ ಗುಡಿಸಿಗೂ ಇದೇ ಗತಿ. ನನಗೆ ಇದು ಗೊತ್ತಾಗಲು ಎರಡು ದಿನ ಹಿಡಿಯಿತು, ಅಷ್ಟರಲ್ಲಿ ಕಂಪ್ಯೂಟರನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಆ ಬಿ ತೆಗೆದುಬಿಡು. ಹೇಗಿದ್ದರೂ ಕನ್ನಡದಲ್ಲಿ ‘ಕೆಜಿಯ’, ‘ಗ್ರಾಂನ’ ಅಂತ ಪ್ರತ್ಯಯ ಅಂಟಿಕೊಂಡೇ ಬರುತ್ತದೆ.

ಬ್ಯಾಕ್‌ಸ್ಲ್ಯಾಶ್ ಡಿ, ಅಂದರೆ ಅಂಕಿ ಹಿಡಿಯುವ ಗುರುತು, ಮಾತ್ರ ಒಳ್ಳೆಯದು. ಪೈಥಾನ್ 3ರಲ್ಲಿ ಅದು ೨೫೦ನ್ನೂ ಹಿಡಿಯುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿಯೋದಿಲ್ಲ, ನೆನಪಿರಲಿ.

‘ಅರ್ಧ ಕೆಜಿ’, ‘ಕಾಲು ಕೆಜಿ’ ಹಿಡಿಯಲು ರೆಗೆಕ್ಸನ್ನು ಸುಮ್ನೆ ಉದ್ದ ಮಾಡಬೇಡ, ಮೊದಲೇ ಅಂಕಿಗೆ ಬದಲಿಸಿಕೋ. ಆಮೇಲೂ ಸಿಗದ ಸಾಲನ್ನು ಊಹೆ ಮಾಡಿ ತುಂಬಬೇಡ, ಬೇರೆ ಫೈಲಿಗೆ ಹಾಕಿ ನಿಮ್ಮಪ್ಪನ ಕೈಗೆ ಕೊಡು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೂತು ಬರೆದುಕೊಡುತ್ತಾನೆ, ಡಬ್ಬಿಗಳನ್ನು ತುಂಬಿದವನು ಅವನೇ ಅಲ್ವಾ.

ಈ ಕಡೆ ಬರುವಾಗ ಅರ್ಧ ಕೆಜಿ ಕಾಫಿಪುಡಿ ತಾ. ಚಿಕೋರಿ ಬೇಡ.

ನಿನ್ನ ಅತ್ತೆ